ಹೊಳೆಯ ಕಡೆಗೆ ಕಾಲು

ನಿಪ್ಪಾಣಿ
ದಿ. 26-10-2006

ಅಪ್ಪನಿಗೆ ನೀಲಮಳ ಜೈ ಭೀಮ.

ಸುಖವಾಗಿ ಬಂದು ಮುಟ್ಟಿದೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಬಹಳ ಗದ್ದಲವಿತ್ತು, ಆದರೂ ಏಳಕ್ಕೆ ಹಾಸ್ಟೆಲ್ ಗೇಟು ಹಾಕುವುದರೊಳಗೆ ಒಳಗಿದ್ದೆ. ಆಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯಲ್ಲಿ ನನಗೆ ಸಿಕ್ಕಿದ್ದು ಎರಡೇ. ಉಳಿದವು ನನ್ನ ಕೋಣೆಯ ರೂಪಾಲಿ ಮತ್ತು ಅವಳ ದಂಡಿನ ಪಾಲಾದವು.

ಇನ್ನು ಕೆಲಸದ ಮಾತು. ದುರ್ಬೀನು ನಿನ್ನ ಹತ್ತಿರ ಬಿಟ್ಟು ಬಂದಿದ್ದೇನೆ. ಅದು ಕಾಲೇಜಿನದು, ನನ್ನ ಸಹಿಯ ಮೇಲೆ ಹೊರಗೆ ಬಂದದ್ದು. ಕೆಸರಿಗೆ ಬೀಳಬಾರದು, ಆಯಿಯ ಕೈಗೂ ಸಿಗಬಾರದು. ಮೊನ್ನೆ ಹೊಲದಲ್ಲಿ ತೋರಿಸಿದೆನಲ್ಲ, ಕೃತ್ತಿಕೆಯನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ಬಂದರೆ ಸಿಗುವ ಆ ಮಸುಕು ಚುಕ್ಕೆ, ಅದೇ ಐರಿಸ್. ನಕ್ಷತ್ರವಲ್ಲ, ಕಲ್ಲು. ಮಂಗಳ ಮತ್ತು ಗುರುವಿನ ನಡುವೆ ಇಂಥ ಲಕ್ಷಗಟ್ಟಲೆ ಕಲ್ಲುಗಳು ಸೂರ್ಯನನ್ನು ಸುತ್ತುತ್ತಿವೆ, ಅವುಗಳಲ್ಲಿ ಇದು ದೊಡ್ಡವುಗಳ ಸಾಲಿನದು. ನಮ್ಮ ಅಂಕಲಿಯಲ್ಲಿ ಒಂದು ಅಂಚು ಇಟ್ಟರೆ ಇನ್ನೊಂದು ಅಂಚು ಸೊಲ್ಲಾಪುರ ಮುಟ್ಟುತ್ತದೆ. ಅದಕ್ಕೆ ಸ್ವಂತ ಬೆಳಕಿಲ್ಲ. ಕಲ್ಲಿಗೆ ಬಿದ್ದ ಬಿಸಿಲೇ ನಮಗೆ ಚುಕ್ಕೆಯಾಗಿ ಕಾಣುತ್ತದೆ. ಈ ತಿಂಗಳು ಅದು ಭೂಮಿಗೆ ಬಹಳ ಹತ್ತಿರ ಬಂದಿದೆ. ಇಷ್ಟು ಹತ್ತಿರ ಇನ್ನೊಮ್ಮೆ ಬರಲು ಹನ್ನೊಂದು ವರ್ಷ ಬೇಕು.

ನೀನು ಮಾಡಬೇಕಾದದ್ದು ಇಷ್ಟೇ. ಪ್ರತಿ ರಾತ್ರಿ ಒಂದು ಖಾಲಿ ಹಾಳೆ ತೆಗೆದುಕೋ. ದುರ್ಬೀನಿನಲ್ಲಿ ಎಷ್ಟು ಚುಕ್ಕೆ ಕಾಣುತ್ತವೋ ಅಷ್ಟನ್ನೂ ಕಂಡ ಜಾಗದಲ್ಲೇ ಬರೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಐರಿಸ್ ಮಾತ್ರ ರಾತ್ರಿಗೆ ಅರ್ಧ ಚಂದ್ರನಷ್ಟು ಸರಿಯುತ್ತದೆ. ನಿಂತು ನೋಡಿ ಅವತ್ತು ಇಬ್ಬರ ಕತ್ತೂ ಹಿಡಿದುಕೊಂಡಿತಲ್ಲ, ನೀನು ಮಲಗಿ ನೋಡು. ಅದು ಹೇಗೂ ನೆತ್ತಿಯ ಮೇಲೇ ಬರುತ್ತದೆ.

ಮೇ ತಿಂಗಳಲ್ಲಿ ಪುಣೆಯ ಕಡೆಯ ಒಂದು ವೀಕ್ಷಣಾಲಯದಲ್ಲಿ ತಿಂಗಳಿಡೀ ಶಿಬಿರವಿದೆ. ನಮ್ಮ ಕಾಲೇಜಿನಿಂದ ಒಬ್ಬರಿಗೇ ಜಾಗ. ಈ ಕಲ್ಲನ್ನು ತಿಂಗಳ ಕಾಲ ಬೆನ್ನಟ್ಟಿದವರಿಗೆ ಅದನ್ನು ಕೊಡುತ್ತೇನೆ ಎಂದು ನಮ್ಮ ಭೌತಶಾಸ್ತ್ರದ ಶುಭಾಂಗಿ ಮೇಡಮ್ ಹೇಳಿದ್ದಾರೆ. ಅಲ್ಲಿ ದೊಡ್ಡ ದೂರದರ್ಶಕದ ಮೇಲೆ ನಾನೇ ಕೈಯಿಟ್ಟು ಕೆಲಸ ಮಾಡಬಹುದು. ನನಗೆ ಆ ಜಾಗ ಬೇಕೇ ಬೇಕು. ಹುಡುಗರು ತಮ್ಮ ರೂಮಿನ ತಾರಸಿ ಹತ್ತಿ ನೋಡುತ್ತಾರೆ. ನಮ್ಮ ಗೇಟು ಏಳಕ್ಕೆ ಮುಚ್ಚುತ್ತದೆ, ತಾರಸಿಗೆ ಬೀಗ. ಆದರೆ ಮೇಡಮ್ ಅವರಿಗೆ, ವಾರ್ಡನ್ ನನಗೆ ತಾರಸಿ ಬಿಟ್ಟುಕೊಟ್ಟಿದ್ದಾರೆ, ಈ ದುರ್ಬೀನಿನಿಂದ ದಿನಾ ನಾನೇ ನೋಡುತ್ತೇನೆ ಎಂದು ಹೇಳಿದ್ದೇನೆ. ಹಾಳೆಗಳ ಮೇಲೆ ನನ್ನ ಹೆಸರಿರುತ್ತದೆ. ನೀನು ಯಾರ ಮುಂದೆಯೂ ಆಡಬೇಡ.

ಕೊನೆಯ ಮಾತು. ಕಂಡದ್ದನ್ನೇ ಹಾಕು. ಕಾಣದಿದ್ದರೆ ಹಾಳೆ ಖಾಲಿ ಬಿಡು, ಅಂದಾಜಿನಿಂದ ಚುಕ್ಕೆ ಇಡಬೇಡ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ನಿನಗೆ ಗೊತ್ತು.

ನಿನ್ನ ಮಗಳು,
ನೀಲಮ


ಅಂಕಲಿ
ದಿ. 2-11-2006

ಚಿ. ನೀಲಮಳಿಗೆ ಅಪ್ಪನ ಜೈ ಭೀಮ.

ಆರು ಹಾಳೆ ಕಳಿಸಿದ್ದೇನೆ. ಮೊದಲನೆಯದರಲ್ಲಿ ಚುಕ್ಕೆಗಳು ದಪ್ಪವಾಗಿವೆ. ನೀರು ಹಾಯಿಸುವ ಕೈ, ಸಲಿಕೆ ಹಿಡಿದು ಅಭ್ಯಾಸ, ಪೆನ್ಸಿಲಿಗೆ ಬಗ್ಗಲು ಎರಡು ದಿನ ಹಿಡಿಯಿತು. ನಾಲ್ಕನೆಯದರಿಂದ ನೋಡು, ನನಗೇ ಪಸಂದಾಗಿದೆ.

ಈ ವಾರ ಪಂಪಿಗೆ ಕರೆಂಟು ರಾತ್ರಿ ಪಾಳಿ, ಹೀಗಾಗಿ ಹೇಗೂ ಹೊಲದಲ್ಲೇ ಇರುತ್ತೇನೆ. ಒಂದು ಸಾಲಿಗೆ ನೀರು ತಿರುವಿ ಮಲಗಿ ನೋಡುತ್ತೇನೆ, ಎದ್ದು ಇನ್ನೊಂದು ಸಾಲಿಗೆ ತಿರುವುತ್ತೇನೆ. ಬ್ಯಾಟರಿಗೆ ನಿನ್ನ ಅವ್ವನ ಹಳೆಯ ಕೆಂಪು ಸೀರೆಯ ಚೂರು ಕಟ್ಟಿದ್ದೇನೆ. ಬಿಳಿ ಬೆಳಕು ನೋಡಿದ ಮೇಲೆ ಸಣ್ಣ ಚುಕ್ಕೆಗಳು ಕಾಲು ಗಂಟೆ ಕಾಣುವುದಿಲ್ಲ, ಇದನ್ನು ನೀನು ಹೇಳಿರಲಿಲ್ಲ, ನಾನೇ ಕಂಡುಕೊಂಡೆ.

ನನ್ನನ್ನು ಹೆತ್ತ ನಿನ್ನ ಆಯಿಗೆ ಮಾತ್ರ ಇದು ಹಿಡಿಸಿಲ್ಲ. "ಕಲ್ಲ ನೋಡಾಕ ನಿದ್ದಿ ಕೆಡಸ್ಕೊಳ್ಳಾಕತ್ತಾನಲ್ಲ ಇಂವಾ, ನಮ್ಮ ಹೊಲದಾಗ ಕಲ್ಲ ಕಡಿಮಿ ಅದಾವೇನ?" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಹೊಲದ ಮಾಲೀಕರು ರಾವಸಾಹೇಬರು ಒಂದು ರಾತ್ರಿ ಬಂದು ನಿಂತರು. ಕುಡಿದು ಬಿದ್ದಿದ್ದೇನೆಂದು ತಿಳಿದಿದ್ದರು. "ಏ ನಾಮ್ಯಾ, ಮತ್ತ ಸುರು ಮಾಡಿದೇನಲೇ?" ಎಂದರು. ದುರ್ಬೀನು ಕೊಟ್ಟೆ. ಬಹಳ ಹೊತ್ತು ನೋಡಿ, "ಇದು ಬಿದ್ರ ಯಾರ ಹೊಲದಾಗ ಬೀಳತೈತಿ?" ಎಂದು ಕೇಳಿದರು. ಬೀಳುವುದಿಲ್ಲರಿ ಎಂದೆ. ಸಮಾಧಾನವಾದಂತೆ ಕಾಣಲಿಲ್ಲ.

ಕೃತ್ತಿಕೆ ನನ್ನ ಬಲಗೈ ಕಡೆ ದುರ್ಬೀನಿನ ಹೊರಗೆ ಉಳಿಯುತ್ತದೆ. ಅಲ್ಲಿಂದ ಎಡಕ್ಕೆ ಬರುತ್ತೇನೆ, ಕಲ್ಲು ಸಿಗುತ್ತದೆ. ಅದೂ ದಿನದಿನಕ್ಕೆ ಎಡಕ್ಕೇ ಸರಿಯುತ್ತಿದೆ. ಈಗ ಚಂದ್ರ ದೊಡ್ಡವನಾಗಿದ್ದಾನೆ, ನಾಲ್ಕೈದು ದಿನ ಕಷ್ಟ. ಆದರೂ ನೋಡುತ್ತೇನೆ.

ಆಗಸ್ಟಿನಲ್ಲಿ ಪ್ಲುಟೋವನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿದರೆಂದು ಪೇಪರಿನಲ್ಲಿ ಬಂದಿತ್ತಲ್ಲ, ನಿನ್ನ ಐರಿಸ್‌ನದು ಏನು ಕಥೆ?

ನಿನ್ನ ಅಪ್ಪ,
ನಾಮದೇವ


ನಿಪ್ಪಾಣಿ
ದಿ. 10-11-2006

ಅಪ್ಪಾ,

ಹಾಳೆ ಮುಟ್ಟಿದವು. ಪರೀಕ್ಷೆಗಳಿವೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಚೆನ್ನಾಗಿ ಬರೆದಿದ್ದೀ. ಮೇಡಮ್ ಎಲ್ಲ ಹಾಳೆ ಒಟ್ಟಿಗೆ ಕೊನೆಗೆ ನೋಡುತ್ತಾರಂತೆ. ಹದಿನಾಲ್ಕನೆಯ ತಾರೀಖಿನ ರಾತ್ರಿ ಮಾತ್ರ ತಪ್ಪಿಸಬೇಡ. ಅವತ್ತು ಐರಿಸ್ ಸೂರ್ಯನಿಗೆ ಸರಿಯಾಗಿ ಎದುರು ಬರುತ್ತದೆ. ಇಡೀ ತಿಂಗಳಿನಲ್ಲಿ ಅದೇ ದೊಡ್ಡ ರಾತ್ರಿ.

ಐರಿಸ್‌ನ ಕಥೆ ಕೇಳಿದೆಯಲ್ಲ. ನೂರೈವತ್ತು ವರ್ಷಗಳ ಹಿಂದೆ ಕಂಡುಹಿಡಿದಾಗ ಅದನ್ನೂ ಗ್ರಹವೆಂದೇ ಎಣಿಸಿದ್ದರು. ಆಮೇಲೆ ಅಂಥವು ಬಹಳ ಸಿಕ್ಕವು, ಎಲ್ಲವನ್ನೂ ಪಂಕ್ತಿಯಿಂದ ಎಬ್ಬಿಸಿದರು.

ನೀಲಮ


ಅಂಕಲಿ
ದಿ. 20-11-2006

ಚಿ. ನೀಲಮಳಿಗೆ ಅಪ್ಪನ ಜೈ ಭೀಮ.

ಉಳಿದ ಹದಿನೈದು ಹಾಳೆ ಇದರೊಂದಿಗೆ ಇವೆ, ಒಟ್ಟು ಇಪ್ಪತ್ತೊಂದಾದವು. ಚಂದ್ರನಿದ್ದ ರಾತ್ರಿಗಳಲ್ಲಿ ಚುಕ್ಕೆ ಕಡಿಮೆ ಇವೆ, ಕಂಡಷ್ಟನ್ನೇ ಹಾಕಿದ್ದೇನೆ. ಎಂಟನೆಯ ತಾರೀಖಿನಿಂದ ಕರೆಂಟು ಹಗಲು ಪಾಳಿಗೆ ಬಂತು. ದಿನವೆಲ್ಲ ನೀರು ಹಾಯಿಸಿ ರಾತ್ರಿ ಮತ್ತೆ ಹೊಲಕ್ಕೆ ಹೋಗುತ್ತಿದ್ದೆ. ನಿನ್ನ ಅವ್ವ ಮೊದಲೆರಡು ದಿನ ಹಿಂದಿನಿಂದ ಬಂದು ಹೊಲದ ಬಾಂದಿನ ಮೇಲೆ ನಿಂತು ನೋಡಿದಳು. ಅವಳು ಏನು ನೋಡಲು ಬಂದಳೆಂದು ನನಗೆ ಗೊತ್ತು, ಅವಳಿಗೂ ಗೊತ್ತು. ಮೂರನೆಯ ದಿನ ಚಹಾ ತಂದಳು.

ಹದಿನಾಲ್ಕರ ಹಾಳೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ನಿನ್ನ ಪತ್ರ ಹದಿಮೂರಕ್ಕೇ ಬಂದಿತ್ತು, ದೊಡ್ಡ ರಾತ್ರಿ ಎಂದು ಗೊತ್ತಿತ್ತು. ಅವತ್ತು ಮುಂಜಾನೆಯಿಂದ ಕಾಲುವೆ ಒಡೆದು ಹೂಳು ಎತ್ತಿದ್ದೆ. ರಾತ್ರಿ ಹೋಗಿ ಮಲಗಿದವನಿಗೆ ನಿದ್ದೆ ಹತ್ತಿತು, ಎಚ್ಚರವಾದಾಗ ಮೂಡಣ ಬೆಳ್ಳಗಾಗಿತ್ತು. ಹಾಳೆಯ ಮೇಲೆ ಹಾಗೆಯೇ ಬರೆದಿದ್ದೇನೆ. ತಪ್ಪು ನನ್ನದು.

ನಿನ್ನ ಅಪ್ಪ,
ನಾಮದೇವ


ನಿಪ್ಪಾಣಿ
ದಿ. 27-11-2006

ಅಪ್ಪಾ,

ಇವತ್ತು ಮೇಡಮ್ ಎಲ್ಲರ ಮುಂದೆ ನನ್ನ ಹಾಳೆಗಳನ್ನು ಮೇಜಿನ ಮೇಲೆ ಎಸೆದರು.

ಅವರ ಹತ್ತಿರ ಅಚ್ಚಾದ ನಕಾಶೆಯಿದೆ. ಆ ಭಾಗದ ನಕ್ಷತ್ರಗಳೆಲ್ಲ ಅದರಲ್ಲಿವೆ, ಐರಿಸ್ ಯಾವ ದಿನ ಎಲ್ಲಿರಬೇಕೆಂದೂ ಗುರುತು ಮಾಡಿದೆ. ನನ್ನ ಒಂದೊಂದೇ ಹಾಳೆಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದರು. ಒಂದು ನಕ್ಷತ್ರವೂ ಕೂಡಲಿಲ್ಲ. ನಕಾಶೆಯಲ್ಲಿ ಐರಿಸ್ ಬಲಕ್ಕೆ ಹೋಗುತ್ತದೆ, ನಮ್ಮದರಲ್ಲಿ ಎಡಕ್ಕೆ ಹೋಗಿದೆ. "ಕೋಣೆಯಲ್ಲಿ ಕೂತು ಚುಕ್ಕೆ ಇಟ್ಟಿದ್ದೀ, ಸುಳ್ಳಾದರೂ ಸರಿಯಾದ ದಿಕ್ಕಿಗೆ ಹೇಳಬಾರದಿತ್ತೆ?" ಎಂದರು. ಹುಡುಗರು ನಕ್ಕರು. ಡಿಸೆಂಬರ್ ಹದಿನೈದರೊಳಗೆ ಸರಿಯಾದ ಕಾರಣ ಕೊಡದಿದ್ದರೆ ನನ್ನ ಹೆಸರು ತೆಗೆಯುತ್ತಾರೆ.

ನಾನು ಏನು ಹೇಳಲಿ? ಎಲ್ಲಕ್ಕಿಂತ ದೊಡ್ಡ ರಾತ್ರಿಯ ಹಾಳೆ ಖಾಲಿ. ಉಳಿದ ಇಪ್ಪತ್ತು ರಾತ್ರಿ ನೀನು ಏನು ಮಾಡುತ್ತಿದ್ದೆ? ರಾವಸಾಹೇಬರು ಮೊದಲು ಕೇಳಿದ ಪ್ರಶ್ನೆಯನ್ನೇ ನಾನೂ ಕೇಳುತ್ತಿದ್ದೇನೆ, ಮತ್ತೆ ಸುರು ಮಾಡಿದೆಯಾ?

ಹತ್ತನೆಯ ಇಯತ್ತೆಯ ಗಣಿತ ಪರೀಕ್ಷೆ ನೆನಪಿದೆಯೆ? ನನಗೆ ಜ್ವರವೆಂದು ಹಾಲ್ ಟಿಕೆಟ್ ತರಲು ಹಿಂದಿನ ದಿನ ನೀನು ಚಿಕ್ಕೋಡಿಗೆ ಹೋಗಿದ್ದೆ. ಮುಂಜಾನೆಯ ಬಸ್ಸಿಗೆ ಬರಬೇಕಾದವನು ಮಧ್ಯಾಹ್ನ ಬಂದು, "ಬಸ್ಸs ಬರಲಿಲ್ಲವಾ" ಎಂದೆ. ನಾನು ನಂಬಿದೆ. ವರ್ಷ ಹೋಯಿತು, ಆದರೂ ಬಸ್ಸನ್ನು ಬೈದೆನೇ ಹೊರತು ನಿನ್ನನ್ನು ಬೈಯಲಿಲ್ಲ. ಎರಡು ತಿಂಗಳ ಮೇಲೆ ಕಂಡಕ್ಟರ್ ಸತ್ತೆಪ್ಪ ಕಾಕಾ, "ಅವತ್ತ ಸ್ಟ್ಯಾಂಡಿನ್ಯಾಗ ಹತ್ತ ಮಿನಿಟ ಹೆಚ್ಚs ನಿಂತಿದ್ನೆಲ್ಲವಾ, ನಿಮ್ಮಪ್ಪ ಕಾಣಲಿಲ್ಲ" ಎಂದ. ನಾನು ನಿನಗೆ ಅದನ್ನು ಯಾವತ್ತೂ ಕೇಳಲಿಲ್ಲ. ಹೋದ ವರ್ಷ ಬುದ್ಧ ವಿಹಾರದಲ್ಲಿ ಎಲ್ಲರ ಮುಂದೆ ನಿಂತು ಪಂಚಶೀಲ ಹೇಳಿ ಬಾಟಲಿ ಬಿಟ್ಟೆ. ಆ ಐದರಲ್ಲಿ ಕುಡಿಯಬಾರದು ಎಂಬುದು ಐದನೆಯದು, ಸುಳ್ಳು ಹೇಳಬಾರದು ಎಂಬುದು ನಾಲ್ಕನೆಯದು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಹೇಗೆ?

ದುರ್ಬೀನನ್ನು ಬಸ್ಸಿನಲ್ಲಿ ಕಳಿಸು. ಪತ್ರ ಬರೆಯಬೇಡ.

ನೀಲಮ


ಅಂಕಲಿ
ದಿ. 4-12-2006

ನೀಲಮಾ,

ಬರೆಯಬೇಡ ಎಂದಿದ್ದೀ, ಬರೆಯುತ್ತಿದ್ದೇನೆ. ನಾಲ್ಕು ದಿನ ತಡೆದು ನೋಡಿದೆ, ಆಗಲಿಲ್ಲ.

ಅವತ್ತು ಬಸ್ಸು ಬಂದಿತ್ತು. ನಾನು ಸ್ಟ್ಯಾಂಡಿನ ಹಿಂದೆ ಕುಡಿದು ಮಲಗಿದ್ದೆ. ನಿನ್ನ ಹಾಲ್ ಟಿಕೆಟ್ ನನ್ನ ಅಂಗಿಯ ಕಿಸೆಯಲ್ಲಿತ್ತು. ಇದನ್ನು ಐದು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ನಿನಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು, ಆದರೂ ಹೇಳಲು ಬಾಯಿ ಬರಲಿಲ್ಲ. ಈಗ ಹೇಳಿದ್ದೇನೆ. ಅದರ ಸಲುವಾಗಿ ನೀನು ನನ್ನನ್ನು ಏನು ಬೇಕಾದರೂ ಅನ್ನು, ತಲೆ ಬಗ್ಗಿಸಿ ಕೇಳುತ್ತೇನೆ.

ಆದರೆ ಹಾಳೆಗಳ ವಿಷಯದಲ್ಲಿ ತಲೆ ಬಗ್ಗಿಸುವುದಿಲ್ಲ. ಇಪ್ಪತ್ತು ರಾತ್ರಿ ನೋಡಿದ್ದೇನೆ, ಇಪ್ಪತ್ತು ರಾತ್ರಿ ಕಂಡದ್ದನ್ನು ಹಾಕಿದ್ದೇನೆ. ಒಂದು ರಾತ್ರಿ ನೋಡಲಿಲ್ಲ, ನೋಡಲಿಲ್ಲ ಎಂದು ಬರೆದಿದ್ದೇನೆ. ನಾನು ಹೇಗೆ ನೋಡಿದೆ ಎಂಬುದನ್ನು ಒಂದೂ ಬಿಡದೆ ಹೇಳುತ್ತೇನೆ, ನಿಮ್ಮ ಮೇಡಮ್ ಅವರಿಗೆ ಬೇಕಾದರೆ ಓದಿ ಹೇಳು.

ಊಟ ಮಾಡಿ ಹೊಲಕ್ಕೆ ಹೋಗುತ್ತೇನೆ. ದೊಡ್ಡ ಬಾಂದಿನ ಮೇಲೆ ಎರಡು ಗೋಣಿಚೀಲ ಹಾಸುತ್ತೇನೆ. ಬಾವಿಯ ಕಡೆಗೆ ತಲೆ ಮಾಡಿ, ಹೊಳೆಯ ಕಡೆಗೆ ಕಾಲು ಚಾಚಿ ಅಂಗಾತ ಮಲಗುತ್ತೇನೆ. ಕಂಬಳಿ ಮಡಚಿ ತಲೆಗೆ ಇಟ್ಟುಕೊಳ್ಳುತ್ತೇನೆ. ಕಣ್ಣು ಕತ್ತಲೆಗೆ ಒಗ್ಗುವ ತನಕ ಸುಮ್ಮನೆ ಇರುತ್ತೇನೆ. ಆಮೇಲೆ ಬಲಕ್ಕೆ ಕೃತ್ತಿಕೆಯನ್ನು ಹಿಡಿದು, ಅಲ್ಲಿಂದ ಎಡಕ್ಕೆ ಬಂದು, ನೇಗಿಲ ಮೇಣಿಯಂತೆ ಬಾಗಿದ ನಾಲ್ಕು ಚುಕ್ಕೆಗಳನ್ನು ಹುಡುಕುತ್ತೇನೆ. ಆ ನಾಲ್ಕರ ಹತ್ತಿರವೇ ಕಲ್ಲು ಇರುತ್ತದೆ. ನಿನ್ನೆ ಎಲ್ಲಿ ಇತ್ತೋ ಅಲ್ಲಿ ಇವತ್ತು ಇರುವುದಿಲ್ಲ. ನೋಡಿ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಎಣಿಸುತ್ತೇನೆ, ಎದ್ದು ಕೂತು ಹಾಳೆಯ ಮೇಲೆ ಇಡುತ್ತೇನೆ, ಮತ್ತೆ ಮಲಗಿ ತಪ್ಪಿಲ್ಲವೆಂದು ತಾಳೆ ನೋಡುತ್ತೇನೆ. ಒಂದು ಹಾಳೆಗೆ ಮೂರು ಸಲ ಮಲಗಿ ಏಳುತ್ತೇನೆ. ಹೀಗೆ ಮಾಡಿದವನು ಸುಳ್ಳ ಎಂದರೆ, ನಿಮ್ಮ ನಕಾಶೆ ಅಚ್ಚು ಹಾಕಿದವನೂ ಒಂದು ಸಲ ಬಂದು ನಮ್ಮ ಬಾಂದಿನ ಮೇಲೆ ಮಲಗಲಿ. ಆ ಕಲ್ಲು ಎಡಕ್ಕೆ ಹೋಯಿತು. ನಾನು ನೋಡಿದೆ.

ದುರ್ಬೀನು ಕಳಿಸುವುದಿಲ್ಲ. ಇನ್ನೂ ನೋಡುತ್ತಿದ್ದೇನೆ, ಇಪ್ಪತ್ತೇಳಕ್ಕೆ ಬಂದಿದ್ದೇನೆ. ಕೇಳುವವರು ಇಲ್ಲದಿದ್ದರೂ ಬರೆಯುತ್ತೇನೆ.

ನಾಡಿದ್ದು ಡಿಸೆಂಬರ್ ಆರು. ನಮ್ಮ ಕೇರಿಯವರು ಇವತ್ತು ರಾತ್ರಿ ರಾಯಬಾಗದಿಂದ ರೈಲಿಗೆ ಮುಂಬೈಗೆ ಹೊರಟಿದ್ದಾರೆ, ನಾನೂ ಹೋಗುತ್ತಿದ್ದೇನೆ. ಅಲ್ಲಿ ಭೀಮರಾಯರ ಸಮಾಧಿಯ ಮುಂದೆ ನಿಲ್ಲುವ ಮೊದಲು ಇದನ್ನು ಬರೆಯಬೇಕಾಗಿತ್ತು.

ನಿನ್ನ ಅಪ್ಪ,
ನಾಮದೇವ


ನಿಪ್ಪಾಣಿ
ದಿ. 8-12-2006

ಅಪ್ಪಾ, ನನ್ನ ಅಪ್ಪಾ,

ನಿನ್ನ ಪತ್ರವನ್ನು ಮೆಸ್ಸಿನಲ್ಲಿ ಕೂತು ಸಿಟ್ಟಿನಿಂದಲೇ ಓದುತ್ತಿದ್ದೆ. ಬಸ್ಸಿನ ಮಾತು ಬಂದಾಗ ಊಟ ಬಿಟ್ಟು ಎದ್ದೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅತ್ತ ಮೇಲೆ ಉಳಿದದ್ದನ್ನು ಓದಿದೆ.

ಬಾವಿಯ ಕಡೆಗೆ ತಲೆ, ಹೊಳೆಯ ಕಡೆಗೆ ಕಾಲು.

ನಮ್ಮ ಹೊಲಕ್ಕೆ ಹೊಳೆ ಬಡಗಣ ದಿಕ್ಕು, ಬಾವಿ ತೆಂಕಣ. ನೀನು ದಕ್ಷಿಣಕ್ಕೆ ತಲೆ ಮಾಡಿ ಮಲಗಿದ್ದೀ. ನಾನು ಮಲಗಿ ನೋಡು ಎಂದೆ, ಯಾವ ಕಡೆಗೆ ಎಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಅಚ್ಚಿನ ನಕಾಶೆಯಲ್ಲಿ ಮೇಲೆ ಉತ್ತರವಿರುತ್ತದೆ. ಅದು ಉತ್ತರಕ್ಕೆ ತಲೆ ಮಾಡಿ ಮಲಗಿದವನಿಗೆ ಕಾಣುವ ಆಕಾಶ. ನಮ್ಮಲ್ಲಿ ಉತ್ತರಕ್ಕೆ ತಲೆ ಮಾಡಿ ಯಾರು ಮಲಗುತ್ತಾರೆ? ಸಣ್ಣವಳಿದ್ದಾಗ ನಿದ್ದೆಯಲ್ಲಿ ಹೊರಳಿ ಆ ಕಡೆಗೆ ತಲೆ ಹೋದರೂ ಆಯಿ ಎಬ್ಬಿಸಿ ತಿರುಗಿಸುತ್ತಿದ್ದಳು.

ಹಾಳೆಗಳನ್ನು ಪೆಟ್ಟಿಗೆಯಿಂದ ತೆಗೆದೆ. ಮೊದಲನೆಯದನ್ನು ತಲೆಕೆಳಗು ಮಾಡಿ, ಮೇಡಮ್ ಹಾಳೆಗಳ ಜೊತೆ ಕೊಟ್ಟಿದ್ದ ನಕಾಶೆಯ ಪ್ರತಿಯ ಪಕ್ಕದಲ್ಲಿ ಇಟ್ಟೆ. ನಿನ್ನ ಮೇಣಿಯ ನಾಲ್ಕು ಚುಕ್ಕೆ ನಾಲ್ಕೂ ಇದ್ದವು. ಎರಡನೆಯದನ್ನು ಇಟ್ಟೆ. ಮೂರನೆಯದನ್ನು ಇಟ್ಟೆ. ರೂಪಾಲಿ ಬಂದು "ಏನಾತಬೇ ನಿನಗ?" ಎಂದು ಕೇಳುವ ಹೊತ್ತಿಗೆ ಇಪ್ಪತ್ತೂ ನೆಲದ ಮೇಲಿದ್ದವು. ಐರಿಸ್ ಬಲಕ್ಕೆ ಸರಿಯುತ್ತಿತ್ತು, ಒಂದೊಂದು ರಾತ್ರಿಗೆ ಅರ್ಧ ಚಂದ್ರನಷ್ಟು, ಇರಬೇಕಾದ ಜಾಗದಲ್ಲೇ. ಚಂದ್ರನಿದ್ದ ರಾತ್ರಿಗಳಲ್ಲಿ ಸಣ್ಣ ನಕ್ಷತ್ರಗಳಿಲ್ಲ, ದೊಡ್ಡವು ಮಾತ್ರ ಇವೆ. ಸುಳ್ಳು ಬರೆಯುವವನಿಗೆ ಇಷ್ಟು ಲಕ್ಷ್ಯ ಇರುವುದಿಲ್ಲ. ದೊಡ್ಡ ರಾತ್ರಿಯೆಂದು ಗೊತ್ತಿದ್ದೂ "ನಿದ್ದೆ ಹತ್ತಿತು" ಎಂದು ಬರೆಯುವ ಧೈರ್ಯವೂ ಇರುವುದಿಲ್ಲ.

ನಿನ್ನ ಮೊದಲ ಪತ್ರದಲ್ಲೇ ಕೃತ್ತಿಕೆ ಬಲಕ್ಕಿದೆ ಎಂದು ಬರೆದಿದ್ದೆ. ನಕಾಶೆಯಲ್ಲಿ ಅದು ಎಡಕ್ಕಿದೆ. ಭೌತಶಾಸ್ತ್ರ ಕಲಿಯುವವಳು ನಾನು, ಅಲ್ಲಿಯೇ ಹಿಡಿಯಬೇಕಾಗಿತ್ತು. ಹಿಡಿಯಲಿಲ್ಲ, ಯಾಕೆಂದರೆ ನೀನು ಸುಳ್ಳು ಹೇಳಿದ್ದೀ ಎಂದು ನಂಬುವುದು ನನಗೆ ಸುಲಭವಾಗಿತ್ತು.

ಇಲ್ಲಿ ಸುಳ್ಳು ಹೇಳಿದವಳು ಒಬ್ಬಳೇ. ತಾರಸಿ ಸಿಕ್ಕಿದೆ ಎಂದವಳು ನಾನು, ನಿನ್ನ ಕೈಯ ಹಾಳೆಗಳ ಮೇಲೆ ನನ್ನ ಹೆಸರು ಬರೆದವಳು ನಾನು. ಸೋಮವಾರ ಮೊದಲ ತಾಸಿಗೆ ಮುಂಚೆ ಮೇಡಮ್ ಅವರ ಹತ್ತಿರ ಹೋಗಿ ದಿಕ್ಕಿನ ಕಾರಣವನ್ನೂ ಹೇಳುತ್ತೇನೆ, ಯಾರು ನೋಡಿದ್ದು ಎಂಬುದನ್ನೂ ಹೇಳುತ್ತೇನೆ. ಜಾಗ ಹೋದರೆ ಹೋಗಲಿ ಎಂದು ಬರೆಯಲು ಮನಸ್ಸಿಲ್ಲ, ಆದರೂ ಬರೆದಿದ್ದೇನೆ.

ನನ್ನನ್ನು ಕ್ಷಮಿಸು.

ನಿನ್ನ,
ನೀಲಮ


ಅಂಕಲಿ
ದಿ. 12-12-2006

ಚಿ. ನೀಲಮಳಿಗೆ ಅಪ್ಪನ ಜೈ ಭೀಮ.

ನಿನ್ನಿಂದ ಉತ್ತರ ಬರಲಿಲ್ಲ. ಕಾಯುತ್ತ ಕೂತರೆ ಹದಿನೈದನೆಯ ತಾರೀಖು ದಾಟುತ್ತದೆ ಎಂದು ನಿನ್ನೆ ಸೋಮವಾರ ನಾನೇ ನಿಪ್ಪಾಣಿಗೆ ಬಂದಿದ್ದೆ. ನಿನ್ನನ್ನು ಕಾಣಲಿಲ್ಲ. ಹಾಸ್ಟೆಲಿನ ಗೇಟಿಗೆ ಭೇಟಿ ಭಾನುವಾರ ಮಾತ್ರ ಎಂದು ಬೋರ್ಡು ಇತ್ತು. ಇಲ್ಲದಿದ್ದರೂ ಬರುವ ಧೈರ್ಯ ನನಗೆ ಇರಲಿಲ್ಲ.

ಕಾಲೇಜಿಗೆ ಮಧ್ಯಾಹ್ನ ಮೂರಕ್ಕೆ ಹೋದೆ. ದಾರಿ ಕೇಳಿ ಕೇಳಿ ಮೇಡಮ್ ಅವರ ಕೋಣೆ ಮುಟ್ಟಿದೆ. ನೀಲಮಳ ಅಪ್ಪ ಎಂದ ಕೂಡಲೇ ಕುರ್ಚಿ ಎಳೆದು ಕೊಟ್ಟರು. ಮೇಜಿನ ಮೇಲೆ ನಮ್ಮ ಹಾಳೆಗಳಿದ್ದವು, ಎಲ್ಲ ತಲೆಕೆಳಗಾಗಿ ಇಟ್ಟಿದ್ದರು. ಅವಮಾನ ಮಾಡಲು ಹಾಗೆ ಇಟ್ಟಿದ್ದಾರೆ ಎಂದುಕೊಂಡೆ.

ನಾನು ಬಾಯಿ ತೆರೆಯುವ ಮೊದಲೇ ಅವರು, "ಇವುಗಳನ್ನ ಬರದವರು ಯಾರ್ರಿ?" ಎಂದು ಕೇಳಿದರು.

ನೀಲಮಾ, ನಾನು ಬಂದದ್ದು ಹಾಳೆ ಸುಳ್ಳಲ್ಲ ಎಂದು ಹೇಳಲು. ಯಾರು ಬರೆದದ್ದು ಎಂದು ಕೇಳುತ್ತಾರೆಂದು ಎಣಿಸಿರಲಿಲ್ಲ. ನೀನು ಯಾರ ಮುಂದೆಯೂ ಆಡಬೇಡ ಎಂದಿದ್ದೆ. ಮಗಳೇ ಬರೆದಳು ಎಂದರೆ ನಿನಗೆ ಜಾಗ ಉಳಿಯುತ್ತಿತ್ತೋ ಏನೋ. ಆದರೂ, "ನಾನs ಬರದೇನ್ರಿ. ಅಕೀ ಒಂದs ದಿನ ತೋರಿಸ್ಯಾಳ. ಉಳಿದದ್ದೆಲ್ಲಾ ನಾನs ನೋಡೇನಿ" ಎಂದೆ.

ಅವರು ಚಹಾ ತರಿಸಿದರು. ಕುಡಿದೆನೋ ಇಲ್ಲವೋ ನೆನಪಿಲ್ಲ.

ನಿನ್ನ ಒಂದು ಪರೀಕ್ಷೆಯನ್ನು ಸುಳ್ಳು ಹೇಳಿ ಕೆಡಿಸಿದೆ. ಈಗ ಖರೆ ಹೇಳಿ ಇನ್ನೊಂದನ್ನು ಕೆಡಿಸಿದ್ದೇನೆ. ನನ್ನಂಥ ಅಪ್ಪ ಇರಬಾರದಿತ್ತು. ಆದರೆ ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೆ, ಇದನ್ನು ಮುಚ್ಚಿಡುವುದಿಲ್ಲ.

ನಿನ್ನ ಅಪ್ಪ,
ನಾಮದೇವ

ಇಷ್ಟು ಬರೆದು ಮಡಚಿ ಇಟ್ಟಿದ್ದೆ, ಹದಿಮೂರರ ಮುಂಜಾನೆ ಅಂಚೆಯವನು ನಿನ್ನ ಪತ್ರ ತಂದ. ನಾಲ್ಕು ಸಲ ಓದಿದೆ. ಅವ್ವನಿಗೆ ಓದಿ ಹೇಳಿದೆ, ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ನಮ್ಮ ಸಮಾಜ ಹಳೆಯ ದೇವರುಗಳನ್ನು ಬಿಟ್ಟು ಐವತ್ತು ವರ್ಷವಾಯಿತು, ತಲೆ ಇಡುವ ದಿಕ್ಕನ್ನು ಮಾತ್ರ ಬಿಟ್ಟಿರಲಿಲ್ಲ ನೋಡು. ವಿಹಾರದ ಚಿತ್ರದಲ್ಲಿ ಬುದ್ಧ ಕೊನೆಗೆ ಮಲಗಿದ್ದೂ ಉತ್ತರಕ್ಕೆ ತಲೆ ಮಾಡಿಯೇ. ಅದನ್ನು ಎಷ್ಟು ಸಲ ನೋಡಿಲ್ಲ! ಆದರೂ ನನ್ನ ಮೈಗೆ ಅದನ್ನು ಯಾರೂ ಹೇಳಿರಲಿಲ್ಲ.

ರಾತ್ರಿ ಹೊಳೆಯ ಕಡೆಗೆ ತಲೆ ಮಾಡಿ ಮಲಗಿದೆ. ಆಯಿ ಬಾಂದಿನ ತನಕ ಬಂದು, "ಹೆಣಾ ಮಲಗಿಸಿದಂಗ ಮಲಗ್ಯಾನಲ್ಲೋ ಯಪ್ಪಾ, ಏಳs" ಎಂದು ಬೊಬ್ಬೆ ಹಾಕಿದಳು. ನಾನು ಏಳಲಿಲ್ಲ. ಕೃತ್ತಿಕೆ ಎಡಕ್ಕೆ ಬಂದಿತ್ತು. ಕಲ್ಲು ಬಲಕ್ಕಿತ್ತು. ಮೂವತ್ತನೆಯ ಹಾಳೆಯನ್ನು ಹಾಗೆ ಬರೆದು, ಮೇಲ್ಗಡೆ 'ಉತ್ತರ' ಎಂದು ದಪ್ಪಗೆ ಬರೆದಿದ್ದೇನೆ.


ನಿಪ್ಪಾಣಿ
ದಿ. 18-12-2006

ಅಪ್ಪಾ,

ನೀನು ಮೂರು ಗಂಟೆಗೆ ಬಂದಿದ್ದೀ. ನಾನು ಅವತ್ತೇ ಮುಂಜಾನೆ ಎಂಟೂವರೆಗೆ ಅದೇ ಕುರ್ಚಿಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿ ಮುಗಿಸಿದ್ದೆ. ಹಾಳೆಗಳನ್ನು ತಿರುಗಿಸಿ ಇಟ್ಟವಳೇ ನಾನು. ಮೇಡಮ್ ಅವರಿಗೆ ಎಲ್ಲ ಗೊತ್ತಿದ್ದೂ ನಿನ್ನನ್ನು ಕೇಳಿದರು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಇಷ್ಟು ನೋಡಿದವರ ಬಾಯಿಂದಲೇ ಕೇಳಬೇಕಾಗಿತ್ತು" ಎಂದರು. ನೀನು ಯಾವ ಪರೀಕ್ಷೆಯನ್ನೂ ಕೆಡಿಸಿಲ್ಲ. ಇದನ್ನು ಇನ್ನೊಮ್ಮೆ ಬರೆದರೆ ನನಗೆ ಸಿಟ್ಟು ಬರುತ್ತದೆ.

ಜಾಗ ಹೋಯಿತು. ಬಿ.ಎಸ್ಸಿ. ಎರಡನೆಯ ವರ್ಷದ ಒಬ್ಬ ಹುಡುಗನಿಗೆ ಸಿಕ್ಕಿದೆ, ಅವನು ಒಂಬತ್ತು ರಾತ್ರಿ ನೋಡಿದ್ದಾನೆ, ಆದರೆ ತಾನೇ ನೋಡಿದ್ದಾನೆ. ಪಟ್ಟಿ ಹಚ್ಚಿದ ದಿನ ನಾನು ಅತ್ತದ್ದು ಖರೆ. ಆದರೆ ಮೇಡಮ್ ನಿನ್ನ ಹಾಳೆಗಳನ್ನು ಬೇರೆಯಾಗಿ ಪುಣೆಗೆ ಕಳಿಸುತ್ತಿದ್ದಾರೆ. ನನ್ನ ಹೆಸರಿನ ಮೇಲೆ ಕಾಗದ ಅಂಟಿಸಿ ಪ್ರತಿ ಹಾಳೆಯ ಮೇಲೂ 'ನಾಮದೇವ ಸಂಭಾಜಿ ಕಾಂಬಳೆ, ಅಂಕಲಿ' ಎಂದು ನಾನೇ ಬರೆದೆ. ಖಾಲಿ ಹಾಳೆಯೂ ಹೋಗುತ್ತಿದೆ. ಅದನ್ನು ತೆಗೆಯಬಾರದು ಎಂದು ಮೇಡಮ್ ಹೇಳಿದರು.

ಅತ್ತು ಮುಗಿದ ಮೇಲೆ ಒಂದು ಮಾತು ತಲೆಗೆ ಹತ್ತಿತು. ನನಗೆ ತಾರಸಿ ಸಿಕ್ಕಿದ್ದರೆ ಸುಳ್ಳಿನ ಕೆಲಸವೇ ಬೀಳುತ್ತಿರಲಿಲ್ಲ. ನಾನು ಮಾಡಿದ್ದು ತಪ್ಪೇ, ಆದರೆ ಬೀಗ ಹಾಕಿದ್ದು ಸರಿಯೆಂದು ಅದರಿಂದ ಆಗುವುದಿಲ್ಲ. ಹನ್ನೊಂದು ಹುಡುಗಿಯರು ಸೇರಿ ಅರ್ಜಿ ಬರೆದೆವು, ವಾರಕ್ಕೆ ಎರಡು ದಿನ ಎಂಟರಿಂದ ಹತ್ತರವರೆಗೆ ತಾರಸಿಯ ಕೀಲಿ ಬೇಕು ಎಂದು. ವಾರ್ಡನ್ ಮೊದಲು ಕಣ್ಣು ಕೆಂಪಗೆ ಮಾಡಿದರು. ಮೂರು ದಿನ ಅವರ ಬಾಗಿಲು ಬಿಡಲಿಲ್ಲ. ನಾಲ್ಕನೆಯ ದಿನ ಒಂದು ಷರತ್ತು ಹಾಕಿ ಒಪ್ಪಿದರು. ಮೊದಲ ತಿಂಗಳು ಪಾಲಕರ ಪೈಕಿ ಒಬ್ಬ ಹಿರಿಯರು ನಮ್ಮೊಡನೆ ಮೇಲೆ ಇರಬೇಕು, ಅದೂ ಆಕಾಶ ತಿಳಿದವರಾಗಿರಬೇಕು. "ಅಂಥಾವ್ರು ಯಾರರೆ ಅದಾರೇನ?" ಎಂದು ನಕ್ಕರು. ನಿನ್ನ ಹೆಸರು ಹೇಳಿದೆ.

ಈ ಶನಿವಾರ, ಇಪ್ಪತ್ತಮೂರಕ್ಕೆ, ಬೆಳದಿಂಗಳ ಕಾಟವಿಲ್ಲ. ಐರಿಸ್ ಮಂಕಾಗುತ್ತಿದೆ, ಆದರೆ ನಿನ್ನ ಕಣ್ಣಿಗೆ ಸಿಗುತ್ತದೆ. ರಾವಸಾಹೇಬರಿಗೆ ಹೇಳಿ ರಜೆ ಹಾಕು. ದುರ್ಬೀನು ತಾ. ಹುಡುಗಿಯರಿಗೆ ನೀನೇ ತೋರಿಸಬೇಕು, ನಾನೂ ಆ ಹನ್ನೊಂದರಲ್ಲಿ ಒಬ್ಬಳು.

ವಾರ್ಡನ್ ಅವರು ಒಂದು ಅರ್ಜಿಯ ನಮೂನೆ ಕೊಟ್ಟಿದ್ದರು. ನಿನ್ನ ಹೆಸರು, ಊರು, ಉದ್ಯೋಗ ಎಲ್ಲ ತುಂಬಿದೆ. ಕೆಳಗೆ ಒಂದು ಸಾಲು ಇತ್ತು: 'ಈ ವ್ಯಕ್ತಿಯು ದುರ್ವ್ಯಸನಿಯಲ್ಲ, ಇವರ ಮಾತು ನಂಬಲು ಅರ್ಹ.' ಅದರ ಮುಂದೆ ಬಲ್ಲವರು ಯಾರಾದರೂ ಸಹಿ ಮಾಡಬೇಕಾಗಿತ್ತು. ಊರಿನ ಪಂಚರೋ ಹೆಡ್ ಮಾಸ್ತರರೋ ಮಾಡಿದರೆ ನಡೆಯುತ್ತದೆ ಎಂದು ವಾರ್ಡನ್ ಹೇಳಿದರು.

ನಾನು ಪೆನ್ನು ಕೇಳಿ ತೆಗೆದುಕೊಂಡು ಅಲ್ಲೇ ಸಹಿ ಮಾಡಿದೆ.

ನಿನ್ನ ಮಗಳು,
ನೀಲಮ ನಾಮದೇವ ಕಾಂಬಳೆ